ದಡದ ಗಂಟೆಗಳ ಲೆಕ್ಕ

ಚಿಕ್ಕಬಳ್ಳಾಪುರ ಜಿಲ್ಲೆಗೆ ಸಮುದ್ರವಿಲ್ಲ, ವರ್ಷವಿಡೀ ಹರಿಯುವ ನದಿಯೂ ಇಲ್ಲ. ನಂದಿ ಬೆಟ್ಟದ ಸುತ್ತಮುತ್ತ ಹುಟ್ಟುವ ಹೊಳೆಗಳಲ್ಲಿ ಹೆಚ್ಚಿನವು ನೀರು ಕಾಣುವ ಹೊತ್ತಿಗೆ ಆಂಧ್ರದಲ್ಲೋ ತಮಿಳುನಾಡಿನಲ್ಲೋ ಇರುತ್ತವೆ. ಆದರೂ ಕ್ರೂಸ್ ರಜೆಯ ಕರಪತ್ರ ಇಲ್ಲಿಗೂ ಬಂದು ಮುಟ್ಟಿದೆ. 2008ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ಶುರುವಾದ ಮೇಲೆ ಮುಂಬೈ, ಕೊಚ್ಚಿ, ಸಿಂಗಪುರ, ದುಬೈಗೆ ಹೊರಡುವ ವಿಮಾನ ಈ ಕಡೆಯವರಿಗೆ ಬೆಂಗಳೂರಿನ ಮೆಜೆಸ್ಟಿಕ್‌ಗಿಂತ ಹತ್ತಿರವಾಗಿದೆ. ಚಿಂತಾಮಣಿಯವರಿಗಂತೂ ಕೋಲಾರ, ಮುಳಬಾಗಿಲು ದಾಟಿ ಚೆನ್ನೈ ಬಂದರು ರಸ್ತೆಯಲ್ಲೇ ಸುಮಾರು 300 ಕಿಲೋಮೀಟರ್. ಅರವತ್ತು ತುಂಬಿದ ಅಪ್ಪ ಅಮ್ಮನಿಗೆ ಒಂದು ಪ್ರವಾಸ, ಮದುವೆಯಾದ ಹೊಸ ಜೋಡಿಗೆ ಒಂದು ಪ್ರವಾಸ ಎಂದು ಯೋಚಿಸುವ ಮನೆಗಳಲ್ಲಿ ಈಗ ತಿರುಪತಿ, ಊಟಿಗಳ ಜತೆಗೆ ಹಡಗಿನ ಮಾತೂ ಬರುತ್ತಿದೆ. ಏಜೆಂಟರ ಮುಂದೆ ಕೂತಾಗ ಕೇಳುವ ಪ್ರಶ್ನೆಗಳು ಮಾತ್ರ ಬಸ್ ಪ್ರವಾಸದವೇ: ಎಷ್ಟು ರಾತ್ರಿ, ತಲೆಗೆ ಎಷ್ಟು, ಎಷ್ಟು ಊರು ತೋರಿಸುತ್ತೀರಿ? ಮೊದಲೆರಡು ಸರಿಯಾದ ಪ್ರಶ್ನೆಗಳು. ಮೂರನೆಯದು ತಪ್ಪು. ಹಡಗಿನ ರಜೆಯನ್ನು ಬಂದರುಗಳ ಸಂಖ್ಯೆಯಿಂದ ಅಳೆದವರು ಮೋಸ ಹೋಗುತ್ತಾರೆ. ಅಳೆಯಬೇಕಾದ್ದು ಒಂದೊಂದು ಬಂದರಿನಲ್ಲಿ ಕಾಲು ನೆಲದ ಮೇಲಿರುವ ಗಂಟೆಗಳನ್ನು.

ಈ ಮಾತು ಈ ಜಿಲ್ಲೆಯವರಿಗೆ ಬೇಗ ಅರ್ಥವಾಗಬೇಕು. ಕಡಲಿಲ್ಲದಿದ್ದರೂ ಇವರು ಪ್ರತಿ ಶನಿವಾರ, ಭಾನುವಾರ ಒಂದು ಬಂದರಿನ ಜನರಂತೆಯೇ ಬದುಕುತ್ತಿದ್ದಾರೆ. ಬೆಂಗಳೂರಿನಿಂದ ಬೆಳಕು ಹರಿಯುವ ಮುನ್ನ ಹೊರಟ ವಾಹನಗಳು 1,478 ಮೀಟರ್ ಎತ್ತರದ ನಂದಿ ಬೆಟ್ಟಕ್ಕೆ ಬರುತ್ತವೆ. ಮಂಜು, ಟಿಪ್ಪು ಡ್ರಾಪ್, ನಾಲ್ಕಾರು ಫೋಟೊ, ಬಿಸಿ ಬಜ್ಜಿ, ಅಷ್ಟೇ. 1927ರಲ್ಲಿ ಗಾಂಧೀಜಿ ಆರೋಗ್ಯ ಸುಧಾರಿಸಿಕೊಳ್ಳಲು ಇಲ್ಲಿ ವಾರಗಟ್ಟಲೆ ಉಳಿದಿದ್ದರು, 1986ರಲ್ಲಿ ಸಾರ್ಕ್ ದೇಶಗಳ ನಾಯಕರು ಇದೇ ಬೆಟ್ಟದ ಮೇಲೆ ಸೇರಿದ್ದರು ಎಂಬುದನ್ನು ತಿಳಿಯುವಷ್ಟು ಹೊತ್ತು ಅವರಿಗಿಲ್ಲ. ಬೆಟ್ಟದ ಬುಡದ ನಂದಿ ಗ್ರಾಮದಲ್ಲಿ ಸಾವಿರ ವರ್ಷಕ್ಕೂ ಹಳೆಯದಾದ ಭೋಗನಂದೀಶ್ವರ ದೇವಾಲಯವಿದೆ, ಕಲ್ಯಾಣಿಯಿದೆ, ಒಂದು ಪೂರ್ತಿ ಬೆಳಗನ್ನು ಬೇಡುವ ಕಲ್ಲಿನ ಕೆಲಸವಿದೆ. ಅದಕ್ಕೆ ಇಪ್ಪತ್ತು ನಿಮಿಷ ಸಿಕ್ಕರೆ ಹೆಚ್ಚು. 2023ರ ಜನವರಿಯಲ್ಲಿ ಆವಲಗುರ್ಕಿಯಲ್ಲಿ 112 ಅಡಿಯ ಆದಿಯೋಗಿ ನಿಂತ ಮೇಲೆ ಒಂದು ದಿನದ ಪಟ್ಟಿಗೆ ಇನ್ನೊಂದು ಜಾಗ ಸೇರಿತು, ದಿನ ಮಾತ್ರ ಉದ್ದವಾಗಲಿಲ್ಲ. ಹಾಗೆ ಪಟ್ಟಿ ಬೆಳೆಸುವವರು ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರ ಮನೆ, ಕೈವಾರ, ಸಾಲದ್ದಕ್ಕೆ ವಿದುರಾಶ್ವತ್ಥವನ್ನೂ ಸೇರಿಸುತ್ತಾರೆ. ಕೈವಾರ ಇರುವುದು ಚಿಂತಾಮಣಿ ತಾಲ್ಲೂಕಿನಲ್ಲಿ, ವಿದುರಾಶ್ವತ್ಥ ಗೌರಿಬಿದನೂರಿನ ಆಚೆ; ಜಿಲ್ಲೆಯ ಈ ತುದಿಯಿಂದ ಆ ತುದಿ. 1938ರ ಏಪ್ರಿಲ್ 25ರಂದು ಧ್ವಜ ಹಾರಿಸಲು ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದ ಜಾಗಕ್ಕೆ ಸಂಜೆ ಐದೂವರೆಗೆ ಓಡಿ ಬಂದು, ಸ್ಮಾರಕದ ಮುಂದೆ ಒಂದು ಸೆಲ್ಫಿ ತೆಗೆದು, ಅಶ್ವತ್ಥದ ಕಟ್ಟೆಯ ನಾಗರಕಲ್ಲುಗಳನ್ನು ಕಿಟಕಿಯಿಂದಲೇ ನೋಡಿ ಹೊರಟವರು ಏನು ಕಂಡರು? ಇಂಥ ಅತಿಥಿಗಳ ಬಗ್ಗೆ ಊರಿನವರಿಗೆ ಇರುವ ಅಭಿಪ್ರಾಯ ಒಳ್ಳೆಯದಲ್ಲ. ಅದೇ ಊರಿನವರು ಹಡಗು ಹತ್ತಿದಾಗ ತಾವೇ ಅಂಥ ಅತಿಥಿಗಳಾಗುತ್ತಾರೆ.

ಕರ್ನಾಟಕದ ಸ್ವಂತ ಉದಾಹರಣೆ ಪಣಂಬೂರಿನಲ್ಲಿದೆ. 1974ರಲ್ಲಿ ದೇಶದ ಪ್ರಮುಖ ಬಂದರುಗಳ ಸಾಲಿಗೆ ಸೇರಿದ ನವಮಂಗಳೂರು ಬಂದರಿಗೆ ಮಳೆಗಾಲ ಕಳೆದ ಮೇಲೆ ವಿದೇಶಿ ಕ್ರೂಸ್ ಹಡಗುಗಳು ಬರುತ್ತವೆ. ಕೋವಿಡ್‌ನ ಬಿಡುವಿನ ನಂತರ 2022ರ ನವೆಂಬರ್‌ನಲ್ಲಿ ಮತ್ತೆ ಶುರುವಾದವು. ಇಳಿದವರನ್ನು ಕರೆದೊಯ್ಯುವ ಜಾಗಗಳು ಬಹುಮಟ್ಟಿಗೆ ಗೊತ್ತಾದವೇ: 1432ರಲ್ಲಿ ಪ್ರತಿಷ್ಠೆಯಾದ ಕಾರ್ಕಳದ 42 ಅಡಿಯ ಗೊಮ್ಮಟ, 1430ರ ಮೂಡುಬಿದಿರೆಯ ಸಾವಿರ ಕಂಬದ ಬಸದಿ, ಕುದ್ರೋಳಿಯ ಗೋಕರ್ಣನಾಥ, ಸಂತ ಅಲೋಶಿಯಸ್ ಚಾಪೆಲ್‌ನ ಭಿತ್ತಿಚಿತ್ರಗಳು, ಒಂದು ಗೋಡಂಬಿ ಕಾರ್ಖಾನೆ, ಒಂದು ಮಾರುಕಟ್ಟೆ. ಈಗ ಲೆಕ್ಕ ಹಾಕೋಣ. ಹಡಗು ಬೆಳಿಗ್ಗೆ 8ಕ್ಕೆ ಕಟ್ಟೆಗೆ ತಾಗಿ ಸಂಜೆ 5ಕ್ಕೆ ಬಿಡುತ್ತದೆ ಎಂದುಕೊಳ್ಳಿ. ಕರಪತ್ರದಲ್ಲಿ ಇದು ಒಂಬತ್ತು ಗಂಟೆ. ವಲಸೆ ತಪಾಸಣೆ ಮುಗಿದು, ಏಣಿಯ ಸಾಲು ಕರಗಿ, ಬಸ್ಸಿನಲ್ಲಿ ಕೂರುವಾಗ 9 ದಾಟಿರುತ್ತದೆ. ಹಡಗು ಬಿಡುವುದಕ್ಕೆ ಅರ್ಧ ಗಂಟೆಯಿಂದ ಒಂದು ಗಂಟೆ ಮೊದಲೇ ಎಲ್ಲರೂ ಒಳಗಿರಬೇಕು. ಉಳಿದದ್ದು ಏಳು ಗಂಟೆ. ಕಾರ್ಕಳಕ್ಕೆ ಹೋಗಿ ಬರಲು ಮೂರು ಗಂಟೆ, ಊಟಕ್ಕೊಂದು. ಕೈಯಲ್ಲಿ ಇರುವುದು ಮೂರೇ ಗಂಟೆ. ದಾರಿಯಲ್ಲೇ ಸಿಗುವ ಬಸದಿ ಮತ್ತು ಬಂಡೆಯ ಮೇಲಿನ ಗೊಮ್ಮಟ, ಎರಡಕ್ಕೆ ಇದು ಸರಿಹೋಗುತ್ತದೆ. ಮೂರನೆಯ ಜಾಗ ಸೇರಿಸಿದ ಕ್ಷಣ ಮೂರೂ ಕೆಡುತ್ತವೆ. ಕಾರ್ಕಳವನ್ನೇ ಬಿಟ್ಟು ಕುದ್ರೋಳಿ, ಚಾಪೆಲ್, ಮಾರುಕಟ್ಟೆಗಷ್ಟೇ ಹೋದವರಿಗೆ ಏಳರಲ್ಲಿ ಐದು ಗಂಟೆ ದಕ್ಕುತ್ತದೆ. ಎರಡೂ ಒಳ್ಳೆಯ ದಿನಗಳೇ. ಎರಡನ್ನೂ ಒಂದೇ ದಿನ ಮಾಡುತ್ತೇನೆ ಎನ್ನುವುದು ಮಾತ್ರ ಕೆಟ್ಟ ದಿನ.

ಕರಪತ್ರದ ಒಂಬತ್ತು ಗಂಟೆಯನ್ನು ಏಳಕ್ಕೆ ಇಳಿಸುವುದು ಕಟ್ಟೆಗೆ ತಾಗುವ ಬಂದರಿನ ಮಾತು. ಲಕ್ಷದ್ವೀಪದಲ್ಲಿ ಅದೂ ಇಲ್ಲ. ಅಗತ್ತಿಯಂಥ ದ್ವೀಪದ ದಡಕ್ಕೆ ದೊಡ್ಡ ಹಡಗು ಬರಲಾಗದು. ಆಳದಲ್ಲಿ ನಿಂತು ಸಣ್ಣ ದೋಣಿಗಳಲ್ಲಿ ಜನರನ್ನು ಇಳಿಸಬೇಕು. ಮುಂಬೈಯಿಂದ ಗೋವಾ, ಕೊಚ್ಚಿ, ಲಕ್ಷದ್ವೀಪದ ಕಡೆಗೆ ಓಡಾಡಿ ಭಾರತೀಯ ಕುಟುಂಬಗಳಿಗೆ ಕ್ರೂಸ್‌ನ ರುಚಿ ಹತ್ತಿಸಿದ ಕಾರ್ಡೀಲಿಯಾ ಕಂಪನಿಯ ‘ಎಂಪ್ರೆಸ್’ 1990ರಲ್ಲಿ ಕಟ್ಟಿದ ಹಡಗು, ಇಂದಿನ ಅಮೆರಿಕನ್ ಹಡಗುಗಳ ಮುಂದೆ ಚಿಕ್ಕದು. ಅಂಥದ್ದರಲ್ಲೂ ಸಾವಿರದ ಆರುನೂರರಷ್ಟು ಜನ ಹಿಡಿಯುತ್ತಾರೆ. ಅಗತ್ತಿಯ ಜನಸಂಖ್ಯೆ 2011ರ ಗಣತಿಯಲ್ಲಿ ಏಳೂವರೆ ಸಾವಿರದ ಆಸುಪಾಸು. ಹಡಗಿನ ಅಷ್ಟೂ ಜನರನ್ನು ದೋಣಿ ದೋಣಿಯಾಗಿ ಇಳಿಸಿ, ಅದೇ ರೀತಿ ಹತ್ತಿಸುವಾಗ ಸರದಿ ಕಾಯುವುದೇ ಒಂದು ಕಾರ್ಯಕ್ರಮ. ಮಂಡಿ ನೋವಿನ ಹಿರಿಯರು ಅಲೆಗೆ ಏಳುಬೀಳುವ ದೋಣಿಗೆ ಕಾಲಿಡಬೇಕು. ಗಾಳಿ ಜೋರಾದರೆ ಇಳಿಸುವುದೇ ಇಲ್ಲ, ಹಡಗು ಮುಂದಕ್ಕೆ ಹೋಗುತ್ತದೆ. ಇದು ಕಪ್ತಾನನ ಹಕ್ಕು, ಟಿಕೆಟ್ಟಿನ ಸಣ್ಣಕ್ಷರದಲ್ಲಿ ನೀವು ಒಪ್ಪಿಕೊಂಡದ್ದು. ಗಾಳಿಯಷ್ಟೇ ಅಲ್ಲ, ಸರ್ಕಾರವೂ ಬಾಗಿಲು ಹಾಕಬಹುದು. 2022ರ ಜೂನ್‌ನಲ್ಲಿ ಚೆನ್ನೈಯಿಂದ ವಿಶಾಖಪಟ್ಟಣ ಸುತ್ತಿ ಬಂದ ಇದೇ ‘ಎಂಪ್ರೆಸ್’ಗೆ ಪುದುಚೇರಿಯ ಆಡಳಿತ ಅನುಮತಿ ಕೊಡಲಿಲ್ಲ. ಪ್ರಯಾಣಿಕರು ಆ ಊರನ್ನು ದೂರದಿಂದ ನೋಡಿ ಹಿಂದಿರುಗಿದರು. ಹಾಗಾಗಿ ‘ಆ ಒಂದು ಜಾಗ ನೋಡಲೇಬೇಕು’ ಎಂಬ ಆಸೆಯಿದ್ದರೆ ಅದಕ್ಕಾಗಿ ಹಡಗು ಹತ್ತಬಾರದು. ರಾಮೇಶ್ವರಕ್ಕೆ ಹರಕೆ ಇದ್ದವರು ರೈಲು ಹತ್ತಲಿ.

ವಾರದ ದಿನವೂ ಈ ಲೆಕ್ಕದೊಳಗೆ ಬರುತ್ತದೆ, ಯಾರೂ ಹೇಳುವುದಿಲ್ಲ. ಕೊಚ್ಚಿಯ ಮಟ್ಟಾಂಚೇರಿ ಅರಮನೆಗೆ ಶುಕ್ರವಾರ ರಜೆ. ಅದರ ಪಕ್ಕದಲ್ಲೇ ಇರುವ, 1568ರಲ್ಲಿ ಕಟ್ಟಿದ ಯಹೂದಿಗಳ ಪರದೇಶಿ ಸಿನಗಾಗ್ ಶನಿವಾರ ತೆರೆಯುವುದಿಲ್ಲ. ಕೇರಳದ ಬಹುತೇಕ ದೇವಸ್ಥಾನಗಳು ಮಧ್ಯಾಹ್ನ ಬಾಗಿಲು ಹಾಕಿದರೆ ಸಂಜೆಯವರೆಗೆ ತೆಗೆಯುವುದಿಲ್ಲ. ಹನ್ನೆರಡಕ್ಕೆ ಕೊಚ್ಚಿ ಮುಟ್ಟುವ ಹಡಗಿನಲ್ಲಿ ದೇವರ ದರ್ಶನದ ಆಸೆ ಇಟ್ಟುಕೊಂಡು ಹೋದ ಅಜ್ಜಿಗೆ ಸಿಗುವುದು ಮುಚ್ಚಿದ ಬಾಗಿಲು. ಹಾಗೆಂದು ಕೊಚ್ಚಿ ಕೆಟ್ಟ ಬಂದರಲ್ಲ. ನನ್ನ ಮಟ್ಟಿಗೆ ನಮ್ಮ ಪಶ್ಚಿಮ ಕರಾವಳಿಯ ಅತಿ ಅನುಕೂಲದ ಬಂದರು ಅದೇ. ಹಡಗು ನಿಲ್ಲುವ ವಿಲಿಂಗ್‌ಡನ್ ದ್ವೀಪದಿಂದ ಚೀನೀ ಬಲೆಗಳ ಕೋಟೆ ಕೊಚ್ಚಿ ಹತ್ತಿರ, ಎಲ್ಲವೂ ಒಂದೇ ಸುತ್ತಿನಲ್ಲಿ, ನಡೆಯುವಷ್ಟು ದೂರದಲ್ಲಿದೆ. ಗೋವಾ ಇದಕ್ಕೆ ತದ್ವಿರುದ್ಧ. ಹಡಗು ನಿಲ್ಲುವುದು ಮುರಗಾಂವ್‌ನಲ್ಲಿ, ಜನರ ಮನಸ್ಸಿನ ಗೋವಾ ಇರುವುದು ಉತ್ತರದ ಕಲಂಗೂಟ್ ಕಡೆ. ಹಳೆ ಗೋವಾದ ಇಗರ್ಜಿಗಳನ್ನೂ ಮಂಗೇಶಿಯನ್ನೂ ಒಂದೇ ದಿಕ್ಕಿನ ಪ್ರಯಾಣದಲ್ಲಿ ಮುಗಿಸಬಹುದು. ಕಲಂಗೂಟ್‌ನ ಮರಳು ಬೇಕೆಂದರೆ ಅವೆರಡನ್ನೂ ಬಿಡಬೇಕು. ಚೆನ್ನೈಯಿಂದ ಶ್ರೀಲಂಕಾಕ್ಕೆ ಹೋಗುವ ಸುತ್ತಿನಲ್ಲಿಯೂ ಇಂಥದೇ ವ್ಯತ್ಯಾಸ. ಟ್ರಿಂಕೋಮಲಿಯಲ್ಲಿ ಕಡಲಿಗೆ ಚಾಚಿದ ಬಂಡೆಯ ಮೇಲಿನ ಕೋಣೇಶ್ವರ ಊರಿನೊಳಗೇ ಇದೆ. ಹಂಬನ್‌ತೋಟದಲ್ಲಿ ಇಳಿದವರು ಕತರಗಾಮದ ಸುಬ್ರಹ್ಮಣ್ಯನನ್ನು ನೋಡಲು ಹಲವು ಮೈಲಿ ಹೋಗಬೇಕು.

‘ಅಯ್ಯೋ, ಜನ್ಮಕ್ಕೊಂದು ಸಲ ಹೋಗೋದು, ಎಲ್ಲ ನೋಡಿಬಿಡೋಣ’ ಎಂಬುದು ಇದಕ್ಕೆ ಬರುವ ಮೊದಲ ಆಕ್ಷೇಪಣೆ. ಅದರ ಹಿಂದಿನ ಸಂಕಟ ನಿಜವಾದದ್ದು: ರೇಷ್ಮೆ, ದ್ರಾಕ್ಷಿ, ಟೊಮೆಟೊ ಬೆಳೆದು ಕೂಡಿಟ್ಟ ಹಣ, ಮತ್ತೆ ಬರುತ್ತೇವೋ ಇಲ್ಲವೋ. ಆದರೆ ಜನ್ಮಕ್ಕೊಂದು ಸಲ ಎನ್ನುವ ಮಾತು ಹೆಚ್ಚು ಜಾಗಗಳಿಗಲ್ಲ, ಕಡಿಮೆ ಜಾಗಗಳಿಗೇ ಕಾರಣವಾಗಬೇಕು. ಮತ್ತೆ ಬರಲಾಗದ ಊರಿನಲ್ಲಿ ಬಸ್ಸಿನ ಸೀಟಿನಲ್ಲಿ ನಾಲ್ಕು ಗಂಟೆ ಕಳೆಯುವುದು ಯಾವ ಜಾಣತನ? ಎರಡನೆಯ ಆಕ್ಷೇಪಣೆ ಇದಕ್ಕಿಂತ ಗಟ್ಟಿ. ಹಡಗೇ ಪ್ರವಾಸ, ಬಂದರು ನೆಪ ಮಾತ್ರ. ಈಜುಕೊಳ, ನಾಟಕ, ಸಂಗೀತ, ಊಟ ಎಲ್ಲ ಅಲ್ಲೇ ಇರುವಾಗ ಇಳಿಯುವುದೇಕೆ ಎನ್ನುವವರು ಇದ್ದಾರೆ. ಅವರ ಮಾತಿನಲ್ಲಿ ಹುರುಳಿದೆ, ಮುಖ್ಯವಾಗಿ ಹಿರಿಯರ ಮಟ್ಟಿಗೆ. ಹೊಲ, ದನ, ಅಂಗಡಿಗಳಿಂದ ಒಂದು ದಿನವೂ ಬಿಡುವು ಕಾಣದವರಿಗೆ ಏನೂ ಮಾಡದೆ ನೀರು ನೋಡುತ್ತ ಕೂರುವುದೇ ದೊಡ್ಡ ಸುಖ. ಹಾಗಿದ್ದರೆ ಧೈರ್ಯವಾಗಿ ಅದನ್ನೇ ಆರಿಸಿ: ಎರಡೋ ಮೂರೋ ರಾತ್ರಿಯ, ಒಂದೇ ಬಂದರಿನ, ಪೂರ್ತಿ ಕಡಲ ದಿನವಿರುವ ಪ್ರಯಾಣ. ಐದು ಬಂದರಿನ ಹಣ ಕೊಟ್ಟು ಹಡಗಿನಲ್ಲೇ ಕೂರುವುದು ಮಾತ್ರ ಯಾವ ಲೆಕ್ಕಕ್ಕೂ ಸಿಗದು. ಬಂದರುಗಳು ಸಾಲಾಗಿ ಬರುವ ಸುತ್ತಿನಲ್ಲಿ ಹಗಲೆಲ್ಲ ಹೊರಗೆ, ರಾತ್ರಿ ದಣಿವು. ನಾಟಕವನ್ನೂ ನೋಡುವುದಿಲ್ಲ, ಕಡಲನ್ನೂ ನೋಡುವುದಿಲ್ಲ.

ಕ್ಯಾಬಿನ್ ಆರಿಸುವುದೂ ಇದರ ಮೇಲೇ ನಿಂತಿದೆ. ಬಾಲ್ಕನಿ ಇರುವ ಕೋಣೆಗೆ ಕಿಟಕಿಯಿಲ್ಲದ ಒಳಕೋಣೆಗಿಂತ ಸಾಕಷ್ಟು ಹೆಚ್ಚು ಕೊಡಬೇಕು. ಕಡಲ ದಿನಗಳಿರುವ, ಹಡಗಿನಲ್ಲೇ ಇರಬೇಕೆನ್ನುವ ದಂಪತಿಗೆ ಆ ಹಣ ವಸೂಲಿ. ದಿನವೂ ಬೆಳಿಗ್ಗೆ ಇಳಿದು ಸಂಜೆ ಹತ್ತುವವರು ಬಾಲ್ಕನಿಯಲ್ಲಿ ಕತ್ತಲನ್ನು ಮಾತ್ರ ಕಾಣುತ್ತಾರೆ. ಒಳಕೋಣೆ ಹಿಡಿದು ಉಳಿದ ದುಡ್ಡನ್ನು ದಡಕ್ಕೆ ಇಡುವುದು ಮೇಲು. ಕಡಲನ್ನೇ ಕಾಣದವರಿಗೆ ಮುಖ್ಯವಾದದ್ದು ಕೋಣೆ ಯಾವ ಜಾಗದಲ್ಲಿದೆ ಎಂಬುದು: ಹಡಗಿನ ನಡುಭಾಗದಲ್ಲಿ, ಕೆಳಗಿನ ಡೆಕ್‌ಗಳಲ್ಲಿ ಓಲಾಟ ಕಡಿಮೆ, ಮೂತಿಯ ಕಡೆ, ಮೇಲಿನ ಡೆಕ್‌ನಲ್ಲಿ ಹೆಚ್ಚು. ಹಿರಿಯರಿದ್ದರೆ ಲಿಫ್ಟ್‌ಗೆ ಹತ್ತಿರ ಕೇಳಿ ಪಡೆಯಬೇಕು. ಏಜೆಂಟರು ‘ಮೇಲಿನದು ಒಳ್ಳೇದು ಸಾರ್’ ಎನ್ನುತ್ತಾರೆ. ಹೊಟ್ಟೆ ತೊಳಸುವುದು ಅವರದ್ದಲ್ಲ.

ಹಡಗಿನೊಳಗಿನ ಉಳಿದ ಆಯ್ಕೆಗಳ ಬಗ್ಗೆ ಒಂದೇ ಮಾತಿನಲ್ಲಿ ಹೇಳುವುದಾದರೆ, ಮುಂಚಿತವಾಗಿ ಏನನ್ನೂ ಕೊಳ್ಳಬೇಡಿ. ಮುಖ್ಯ ಊಟದ ಮನೆ, ಬಫೆ ಟಿಕೆಟ್ಟಿನಲ್ಲೇ ಸೇರಿರುತ್ತವೆ. ವಿಶೇಷ ರೆಸ್ಟೋರೆಂಟು, ಪಾನೀಯದ ಪ್ಯಾಕೇಜು, ಇಂಟರ್ನೆಟ್ಟು, ಸ್ಪಾ, ಫೋಟೊ ಎಲ್ಲ ಬೇರೆ. ಪಾನೀಯದ ಪ್ಯಾಕೇಜನ್ನು ಕೆಲವು ಕಂಪನಿಗಳು ಒಂದೇ ಕೋಣೆಯ ವಯಸ್ಕರೆಲ್ಲರೂ ಕೊಳ್ಳಬೇಕೆಂದು ಕಟ್ಟು ಹಾಕುತ್ತವೆ. ಗಂಡ ಕುಡಿಯುವ ಬಿಯರಿಗೆ ಕುಡಿಯದ ಹೆಂಡತಿಯೂ ದುಡ್ಡು ಕಟ್ಟಬೇಕು. ವಿದೇಶಿ ಹಡಗುಗಳಲ್ಲಿ ತಲೆಗೆ, ರಾತ್ರಿಗೆ ಇಷ್ಟೆಂದು ಸೇವಾಶುಲ್ಕ ತಾನಾಗಿ ಬಿಲ್ಲಿಗೆ ಸೇರುತ್ತದೆ, ಅದನ್ನು ಮೊದಲೇ ಕೇಳಿ ಟಿಕೆಟ್ಟಿನ ಬೆಲೆಗೆ ಕೂಡಿಕೊಳ್ಳಬೇಕು. ಊಟದ ವಿಷಯದಲ್ಲಿ ಬಯಲುಸೀಮೆಯವರ ಆತಂಕ ನ್ಯಾಯವಾದದ್ದೇ. ಭಾರತದ ಬಂದರುಗಳಿಂದ ಹೊರಡುವ ಹಡಗುಗಳಲ್ಲಿ ಸಸ್ಯಾಹಾರ, ಜೈನ ಊಟ ಸಿಗುತ್ತದೆ. ಮುದ್ದೆ, ಅವರೆಕಾಳು ಹುಳಿಯನ್ನು ನಿರೀಕ್ಷಿಸಬೇಡಿ. ಹೊರದೇಶದ ಹಡಗಾದರೆ ಟಿಕೆಟ್ ಮಾಡಿಸುವಾಗಲೇ ಬರೆದು ತಿಳಿಸಬೇಕು. ಕೆಟಲ್, ಇಸ್ತ್ರಿಪೆಟ್ಟಿಗೆ, ಕರೆಂಟ್ ಒಲೆ ಒಯ್ಯಲು ಬೆಂಕಿಯ ಭಯದಿಂದ ಬಿಡುವುದಿಲ್ಲ. ಮನೆಯಲ್ಲಿ ಮಾಡಿದ ತಿಂಡಿಗೂ ಅನೇಕ ಕಡೆ ತಡೆ ಇದೆ, ಸೀಲ್ ಆದ ಪೊಟ್ಟಣ ನಡೆಯುತ್ತದೆ. ಎಲ್ಲಕ್ಕಿಂತ ಮುಖ್ಯ, ಹೊರಡುವ ದಿನದ ಸುರಕ್ಷತಾ ಕವಾಯತನ್ನು ಬೇಸರವೆಂದು ತಪ್ಪಿಸಿಕೊಳ್ಳಬಾರದು. 2012ರ ಜನವರಿ 13ರಂದು ಇಟಲಿಯ ಜಿಲಿಯೊ ದ್ವೀಪದ ಬಳಿ ಕೋಸ್ಟಾ ಕಾನ್ಕಾರ್ಡಿಯಾ ಬಂಡೆಗೆ ಬಡಿದು 32 ಜನ ಸತ್ತರು. ಆ ದಿನವೇ ಹತ್ತಿದ್ದ ನೂರಾರು ಪ್ರಯಾಣಿಕರಿಗೆ ಕವಾಯತು ಇನ್ನೂ ಆಗಿರಲಿಲ್ಲ. ಆಮೇಲೆ ನಿಯಮ ಬದಲಾಗಿ, ಹಡಗು ಹೊರಡುವ ಮೊದಲೋ ಹೊರಟ ಕೂಡಲೋ ಅದು ನಡೆಯಲೇಬೇಕು ಎಂದಾಯಿತು.

ದಡದಲ್ಲಿ ಹಡಗಿನವರ ಬಸ್ಸೋ, ಹೊರಗಿನ ಟ್ಯಾಕ್ಸಿಯೋ ಎಂಬುದು ಎಲ್ಲ ಮನೆಗಳಲ್ಲೂ ಜಗಳವಾಗುವ ವಿಷಯ. ಹಡಗಿನವರ ಪ್ರವಾಸ ದುಬಾರಿ, ನಿಜ. ಗುಂಪು ದೊಡ್ಡದು, ಅಂಗಡಿಗಳ ಮುಂದೆ ನಿಲ್ಲಿಸುತ್ತಾರೆ, ಅದೂ ನಿಜ. ಆದರೆ ಅವರ ಬಸ್ಸು ತಡವಾದರೆ ಹಡಗು ಕಾಯುತ್ತದೆ, ಇಲ್ಲವೇ ಮುಂದಿನ ಬಂದರಿಗೆ ಅವರೇ ಮುಟ್ಟಿಸುತ್ತಾರೆ. ನಿಮ್ಮ ಟ್ಯಾಕ್ಸಿ ಪಂಕ್ಚರ್ ಆದರೆ ಯಾರೂ ಕಾಯುವುದಿಲ್ಲ; ಸಾಮಾನು, ಔಷಧ ಎಲ್ಲ ಕಣ್ಣೆದುರೇ ತೇಲಿಹೋಗುತ್ತವೆ. ಆದ್ದರಿಂದ ಉತ್ತರ ದೂರವನ್ನು ನೋಡಿಕೊಂಡು ಹೇಳಬೇಕಾದ್ದು. ಊರೊಳಗಿನ ಕೋಟೆ ಕೊಚ್ಚಿಗೆ, ಕುದ್ರೋಳಿಗೆ, ಕೋಣೇಶ್ವರಕ್ಕೆ ಆಟೊ ಸಾಕು. ಕಾರ್ಕಳದಂಥ ದೂರಕ್ಕೆ, ಭಾಷೆ ಬಾರದ ದೇಶಕ್ಕೆ ಹಡಗಿನವರ ಬಸ್ಸೇ ಸರಿ, ಅಲ್ಲಿ ಹೆಚ್ಚು ಕೊಟ್ಟದ್ದು ವಿಮೆಯ ಕಂತೆಂದು ತಿಳಿಯಿರಿ. ಕೈಗಡಿಯಾರದ ಬಗ್ಗೆಯೂ ಎಚ್ಚರ ಬೇಕು: ಮಾಲ್ದೀವ್ಸ್‌ನ ಸಮಯ ನಮ್ಮದಕ್ಕಿಂತ ಅರ್ಧ ಗಂಟೆ ಹಿಂದೆ, ದುಬೈ ಒಂದೂವರೆ ಗಂಟೆ ಹಿಂದೆ. ಹಡಗು ತನ್ನ ಗಡಿಯಾರದ ಪ್ರಕಾರ ಹೊರಡುತ್ತದೆ, ನಿಮ್ಮ ಫೋನಿನ ಪ್ರಕಾರ ಅಲ್ಲ. ಸಿಂಗಪುರದಿಂದ ಹೊರಟು ಮಲೇಷ್ಯಾ ಮುಟ್ಟಿ ಅಲ್ಲಿಗೇ ಮರಳುವ ಸುತ್ತುಗಳಲ್ಲಿ ಸಿಂಗಪುರದ ವೀಸಾ ಎರಡನೆಯ ಸಲ ಒಳಬರಲೂ ನಡೆಯುವಂಥದ್ದೇ ಎಂದು ನೋಡಿಕೊಳ್ಳಬೇಕು. ಲಕ್ಷದ್ವೀಪ ನಮ್ಮ ದೇಶವೇ ಆದರೂ ಪ್ರವೇಶಕ್ಕೆ ಪರವಾನಗಿ ಬೇಕು.

ಯಾವಾಗ ಹೋಗುವುದು ಎಂಬುದನ್ನು ಈ ಜಿಲ್ಲೆಯಲ್ಲಿ ಕರಪತ್ರಕ್ಕಿಂತ ಬೆಳೆ ನಿರ್ಧರಿಸುತ್ತದೆ. ಪಶ್ಚಿಮ ಕರಾವಳಿಯ ಕ್ರೂಸ್ ಕಾಲ ಮಳೆ ಮುಗಿದ ಮೇಲಿನಿಂದ ಬೇಸಿಗೆಯವರೆಗೆ. ಮುಂಗಾರಿನಲ್ಲಿ ಆ ಕಡಲು ಹಡಗಿಗೆ ಹೇಳಿದ್ದಲ್ಲ, ಆಗ ಹಡಗು ಚೆನ್ನೈ ಕಡೆ ಬಂದು ಶ್ರೀಲಂಕಾಕ್ಕೆ ಹೋದದ್ದುಂಟು. ದ್ರಾಕ್ಷಿಯವರು ಬೇಸಿಗೆಯ ಕೊಯ್ಲಿನಲ್ಲಿ ತೋಟ ಬಿಡಲಾರರು, ಅವರಿಗೆ ಚೆನ್ನೈಯ ಸುತ್ತೇ ಹೊಂದುತ್ತದೆ. ಶಿಡ್ಲಘಟ್ಟದ ಹುಳು ಮನೆಯವರಿಗೆ ತಿಂಗಳ ಪ್ರಶ್ನೆಯಲ್ಲ, ವಾರದ ಪ್ರಶ್ನೆ. ಹುಳು ಸಾಕಣೆ ಸುಮಾರು 25ರಿಂದ 28 ದಿನ. ನಾಲ್ಕನೇ ಜ್ವರ (ಪೊರೆ ಕಳಚುವ ಹಂತ) ಎದ್ದ ಮೇಲೆ ಸೊಪ್ಪು ಹಾಕಲು ಮನೆಮಂದಿಯೆಲ್ಲ ಬೇಕು, ಹಣ್ಣಾದ ಹುಳುವನ್ನು ಗೂಡು ಕಟ್ಟಲು ಚಂದ್ರಂಕಿಗೆ ಬಿಡುವ ಹೊತ್ತು ಒಂದು ದಿನವೂ ಮುಂದೆ ಹೋಗುವುದಿಲ್ಲ, ಗೂಡು ಮಾರುಕಟ್ಟೆಗೆ ಹೋಗುವವರೆಗೆ ಬಿಡುವಿಲ್ಲ. ಒಂದು ಬೆಳೆ ಮುಗಿದು ಮನೆ ತೊಳೆದು ಇನ್ನೊಂದು ಚಾಕಿ (ಮರಿಹುಳು) ತರುವ ಮಧ್ಯದ ದಿನಗಳೇ ಅವರ ರಜೆ. ಅಷ್ಟರೊಳಗೆ ಮುಗಿಯುವುದು ಮೂರು, ಹೆಚ್ಚೆಂದರೆ ಐದು ರಾತ್ರಿಯ ಹಡಗು. ಸಣ್ಣ ಪ್ರಯಾಣವೆಂದು ಕೊರಗಬೇಕಿಲ್ಲ. ಕಡಲು ಒಗ್ಗುತ್ತದೋ ಇಲ್ಲವೋ ತಿಳಿಯದವರು ಮೊದಲ ಸಲ ಅಷ್ಟೇ ಹೋಗಬೇಕಾದ್ದು.

ಹಡಗೇ ಏಕೆ, ನೆಲದ ಮೇಲೆ ಇದೇ ಸುಖ ಇಲ್ಲವೇ ಎಂದರೆ, ಇದೆ. 2008ರಿಂದ ಬಿಟ್ಟು ಬಿಟ್ಟು ಓಡುತ್ತಿರುವ, 2024ರ ಡಿಸೆಂಬರ್‌ನಲ್ಲಿ ಮತ್ತೆ ಹೊರಟ ‘ಸುವರ್ಣ ರಥ’ ರೈಲು ಹಡಗಿನ ಪದ್ಧತಿಯದೇ: ಮಲಗುವ ಕೋಣೆ, ‘ನಳ’, ‘ರುಚಿ’ ಎಂಬ ಊಟದ ಬೋಗಿಗಳು, ಬಂಡೀಪುರ, ಮೈಸೂರು, ಹಳೇಬೀಡು, ಹಂಪಿಗಳಲ್ಲಿ ಇಳಿದು ಹತ್ತುವುದು. ಅದರ ಬೆಲೆ ಮಾತ್ರ ಸಾಮಾನ್ಯ ಕ್ರೂಸ್‌ಗಿಂತ ಮೇಲೆ, ಮತ್ತು ಹಂಪಿಗೆ ಒಂದು ಹಗಲು ಸಾಲದು ಎಂಬ ತಕರಾರು ಅಲ್ಲೂ ಇದ್ದೇ ಇದೆ. ಅದೇ ಬೆಲೆಗೆ ಹೊಸಪೇಟೆಯಲ್ಲಿ ಮನೆಮಂದಿಯೆಲ್ಲ ಒಂದು ವಾರ ಉಳಿಯಬಹುದು. ಹಡಗಿನ ಪರವಾಗಿ ಹೇಳಬಹುದಾದ್ದು ಇಷ್ಟು: ಸಾಮಾನು ಒಮ್ಮೆ ಬಿಚ್ಚಿದರೆ ಆಯಿತು, ಹಿರಿಯರು ದಣಿದ ದಿನ ಇಳಿಯದೆ ಉಳಿಯಬಹುದು, ಮೂರು ತಲೆಮಾರು ಒಟ್ಟಿಗಿದ್ದೂ ಒಬ್ಬರಿಗೊಬ್ಬರು ಹೊರೆಯಾಗುವುದಿಲ್ಲ. ಇದು ಸಣ್ಣ ಲಾಭವಲ್ಲ.

ಏಜೆಂಟರ ಬಳಿ ಹೋದಾಗ ಪ್ರತಿ ಬಂದರಿಗೂ ನಾಲ್ಕು ವಿಷಯ ಬರೆದುಕೊಡಲು ಹೇಳಿ: ಹಡಗು ಮುಟ್ಟುವ ವಾರ ಮತ್ತು ಗಂಟೆ, ಎಲ್ಲರೂ ಮರಳಿ ಹತ್ತಿರಬೇಕಾದ ಗಂಟೆ, ಕಟ್ಟೆಗೆ ತಾಗುತ್ತದೋ ದೋಣಿಯಲ್ಲಿ ಇಳಿಸುತ್ತಾರೋ, ನೀವು ನೋಡಬೇಕೆಂದಿರುವ ಜಾಗ ಅಲ್ಲಿಂದ ಎಷ್ಟು ದೂರ. ಈ ನಾಲ್ಕನ್ನು ಬರೆದುಕೊಡಲಾರದವರಿಗೆ ಮುಂಗಡ ಕೊಡಬೇಡಿ.